ಸಂಕೋಚದ ಬೆಲೆ: ಶಾಂಘೈ ಮಕ್ಕಳ ಅಧ್ಯಯನ

ನಾಚಿಕೆ, ಸಂಕೋಚ, ಲಜ್ಜೆ, ಹಿಂಜರಿಕೆ ಎಂಬ ಪದಗಳು ಪರಸ್ಪರ ಹತ್ತಿರವಾದರೂ ಸಮಾನಾರ್ಥಕಗಳಲ್ಲ. ‘ಸಂಕೋಚದ ಹುಡುಗ’ ಎಂಬ ಮಾತಿನಲ್ಲಿ ಮೆಚ್ಚುಗೆಯೂ ಇರಬಹುದು. ‘ಹಿಂಜರಿಯುವ ಹುಡುಗ’ ಎಂದಾಗ ಕೊರತೆಯೇ ಮುಂದಾಗುತ್ತದೆ. ಪಾಶ್ಚಾತ್ಯ ಮನಶ್ಶಾಸ್ತ್ರವು ಬಹುಮಟ್ಟಿಗೆ ಈ ಎರಡನೆಯ ಅರ್ಥವನ್ನೇ ಹಿಡಿದು, ಮಗುವಿನ ಸಂಕೋಚವನ್ನು ಹೊಂದಾಣಿಕೆಯ ದೋಷವೆಂದು ಎಣಿಸಿತು. ಈ ಎಣಿಕೆ ಎಲ್ಲ ಸಮಾಜಗಳಿಗೂ ಸಲ್ಲುವುದೇ ಎಂದು ಕೇಳಿದವರಲ್ಲಿ ಶಿನ್‌ಯಿನ್ ಚೆನ್ ಪ್ರಮುಖರು.

ಕೆನೆತ್ ರೂಬಿನ್ ಮೊದಲಾದವರೊಡನೆ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದ ವಿಧಾನ ಸ್ವಾರಸ್ಯಕರವಾದುದು. ಮಕ್ಕಳು ತಮ್ಮನ್ನು ನಾಟಕದ ನಿರ್ದೇಶಕರೆಂದು ಭಾವಿಸಿಕೊಂಡು, ನಾಚುವ ಪಾತ್ರಕ್ಕೆ ಯಾರು, ಮುಂದಾಳಿನ ಪಾತ್ರಕ್ಕೆ ಯಾರು ಎಂದು ಸಹಪಾಠಿಗಳನ್ನು ಆರಿಸಬೇಕಿತ್ತು. ಕೆನಡಾದಲ್ಲಿ ಸಂಕೋಚಶೀಲರು ಒಡನಾಡಿಗಳಿಗೆ ಅಷ್ಟಾಗಿ ಬೇಡವಾಗಿದ್ದರು. ಶಾಂಘೈನಲ್ಲಿ ಅಂಥವರೇ ಬೇಕಾದವರು.

ಆದರೆ ಇದನ್ನು ಪೂರ್ವ-ಪಶ್ಚಿಮಗಳ ಶಾಶ್ವತ ಭೇದವೆಂದು ತಿಳಿಯುವುದು ಅವಸರದ ತೀರ್ಮಾನವಾದೀತು. 1990, 1998, 2002ರಲ್ಲಿ ಶಾಂಘೈನ ಮಕ್ಕಳ ಮೂರು ತಂಡಗಳನ್ನು ಪರಿಶೀಲಿಸಿದ ಚೆನ್ ಮತ್ತು ಸಂಗಡಿಗರು 2005ರಲ್ಲಿ ಫಲಿತಗಳನ್ನು ಪ್ರಕಟಿಸಿದರು. ಮೊದಲ ತಂಡದಲ್ಲಿ ಸಂಕೋಚವು ಮನ್ನಣೆ, ಮುಂದಾಳುತನ, ಓದಿನ ಯಶಸ್ಸುಗಳೊಡನೆ ಕೂಡಿತ್ತು. ಎರಡನೆಯದರಲ್ಲಿ ಚಿತ್ರ ಮಿಶ್ರವಾಯಿತು. ಮೂರನೆಯದರಲ್ಲಿ ಅದೇ ಸ್ವಭಾವ ಒಡನಾಡಿಗಳ ತಿರಸ್ಕಾರ, ಖಿನ್ನತೆಗಳೊಡನೆ ಸೇರಿಕೊಂಡಿತು. ಊರು ಅದೇ, ಅಂತರ ಹನ್ನೆರಡೇ ವರ್ಷ. ನಡುವೆ ಬೆಳೆದ ಮಾರುಕಟ್ಟೆಯ ಸ್ಪರ್ಧೆ ಮುನ್ನುಗ್ಗುವಿಕೆಗೆ ಬೆಲೆ ತಂದಿತೆಂಬುದು ಚೆನ್ ಅವರ ವಿವರಣೆ. ಬೇರೆ ಬೇರೆ ತಂಡಗಳ ಹೋಲಿಕೆಯೊಂದರಿಂದಲೇ ಕಾರಣವು ಸಿದ್ಧವಾಗದು, ನಿಜ. ಆದರೂ 2009ರ ಇನ್ನೊಂದು ಅಧ್ಯಯನ ಅದಕ್ಕೆ ಬಲ ಕೊಡುತ್ತದೆ: ಹಳ್ಳಿಗಳಿಂದ ನಗರಕ್ಕೆ ವಲಸೆ ಬಂದವರ ಮಕ್ಕಳಲ್ಲಿ, ನಗರದ ಮಕ್ಕಳಲ್ಲಿ ಹಾನಿಯೊಡನೆ ಬೆಸೆದಿದ್ದ ಸಂಕೋಚವು, ಇನ್ನೂ ಗುಣವಾಗಿಯೇ ಉಳಿದಿತ್ತು.