ಶೇಕಡಾ ಬಿಡಿ, ತಲೆ ಎಣಿಸಿ

ಹದಿನೈದು, ಏಳೂವರೆ, ಇಪ್ಪತ್ತೇಳು. ಮೀಸಲಾತಿಯ ಮಾತು ಬಂದರೆ ಕಿವಿಗೆ ಬೀಳುವುದು ಇಂಥ ಪುಟಾಣಿ ಸಂಖ್ಯೆಗಳು, ಸಿಟಿ ಬಸ್ಸಿನ ಟಿಕೆಟ್ ದರದ ಹಾಗೆ. ಶೇಕಡಾ ಚಿಹ್ನೆಯನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿರುವ ಮನುಷ್ಯರನ್ನು ಒಬ್ಬೊಬ್ಬರಾಗಿ ಎಣಿಸಿ ನೋಡಿ. ತಲೆ ಗಿರ್ರೆನ್ನುತ್ತದೆ!

ಮೊದಲು ವರ್ಷಗಳ ಲೆಕ್ಕ. ಸರ್ಕಾರದ ಗುತ್ತಿಗೆದಾರರು ಬಣ್ಣ, ಜನಾಂಗ ನೋಡದೆ ಕೆಲಸ ಕೊಡಬೇಕೆಂದು ಅಮೆರಿಕದ ಅಧ್ಯಕ್ಷ ಕೆನಡಿ ಆದೇಶ ಹೊರಡಿಸಿದ್ದು 1961ರಲ್ಲಿ. ಬ್ರಿಟನ್ ತನ್ನ ಮೊದಲ ಜನಾಂಗ ಸಂಬಂಧಗಳ ಕಾಯ್ದೆ ಮಾಡಿದ್ದು 1965ರಲ್ಲಿ. ನಮ್ಮ ಮೈಸೂರು? ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು 1918ರಲ್ಲಿ, ಅದರ ಶಿಫಾರಸಿನ ಮೇಲೆ ಮೀಸಲಾತಿಯ ಆದೇಶ ಹೊರಟಿದ್ದು 1921ರಲ್ಲಿ. ಕೆನಡಿಗಿಂತ ಭರ್ತಿ ನಲವತ್ತು ವರ್ಷ ಮುಂಚೆ! ಕೊಲ್ಹಾಪುರದ ಶಾಹು ಮಹಾರಾಜರಂತೂ 1902ರಲ್ಲೇ ಖಾಲಿ ಹುದ್ದೆಗಳಲ್ಲಿ ಅರ್ಧವನ್ನು ಹಿಂದುಳಿದವರಿಗೆ ಎತ್ತಿಟ್ಟಿದ್ದರು. ಮಿಲ್ಲರ್ ಸಮಿತಿಯ ಮುಂದಿದ್ದ ಲೆಕ್ಕವೂ ಸಾಮಾನ್ಯದ್ದಲ್ಲ. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರೂ ಇಲ್ಲದ ಬ್ರಾಹ್ಮಣ ಸಮುದಾಯದ ಕೈಯಲ್ಲಿ ಗೆಜೆಟೆಡ್ ಹುದ್ದೆಗಳ ಸುಮಾರು ಮೂರನೇ ಎರಡು ಪಾಲು ಇತ್ತು. ತಲೆಗಿಷ್ಟೆಂದು ಹಂಚಿ ನೋಡಿದರೆ, ಉಳಿದವರಿಗಿಂತ ನಲವತ್ತು ಪಟ್ಟಿಗೂ ಹೆಚ್ಚು. ಇದನ್ನು ಏಳು ವರ್ಷದೊಳಗೆ ತಿರುಗಿಸಿ, ಮೇಲಿನ ಹುದ್ದೆಗಳಲ್ಲಿ ಅರ್ಧ ಪಾಲಾದರೂ ಹಿಂದುಳಿದವರಿಗೆ ಸಿಗಬೇಕೆಂದಿತು ಸಮಿತಿ. ಏಳೇ ವರ್ಷ! ಆ ಧೈರ್ಯಕ್ಕೆ ಇಂದಿಗೂ ಕೈ ಮುಗಿಯಬೇಕು.

ಈಗ ದೇಶದ ಮಟ್ಟಕ್ಕೆ ಬನ್ನಿ. ಮಂಡಲ್ ಆಯೋಗ ಪಟ್ಟಿ ಮಾಡಿದ ಹಿಂದುಳಿದ ಜಾತಿಗಳು 3,743. ಸೆಕೆಂಡಿಗೊಂದು ಹೆಸರಿನಂತೆ ಉಸಿರು ಬಿಡದೆ ಓದಿದರೂ ಒಂದು ಗಂಟೆ ಎರಡು ನಿಮಿಷ ಬೇಕು, ಬರೀ ಹೆಸರು ಹೇಳಿ ಮುಗಿಸಲು. ಆಯೋಗ ಆ ವರದಿಯನ್ನು ಒಪ್ಪಿಸಿದ್ದು 1980ರ ಡಿಸೆಂಬರ್ 31ರಂದು. ಜಾರಿ ಮಾಡುತ್ತೇವೆಂದು ಪ್ರಧಾನಿ ವಿ.ಪಿ. ಸಿಂಗ್ ಘೋಷಿಸಿದ್ದು 1990ರ ಆಗಸ್ಟ್ 7ರಂದು. ನಡುವೆ 3,506 ದಿನ. ಅಷ್ಟು ದಿನಗಳಲ್ಲಿ ವಾಯೇಜರ್-2 ಎಂಬ ನೌಕೆ 1981ರಲ್ಲಿ ಶನಿಯನ್ನು ಹಾದು, 1986ರಲ್ಲಿ ಯುರೇನಸ್ ದಾಟಿ, 1989ರಲ್ಲಿ ಸೂರ್ಯನಿಂದ 450 ಕೋಟಿ ಕಿಲೋಮೀಟರ್ ಆಚೆಗಿರುವ ನೆಪ್ಚೂನನ್ನೂ ಕಂಡು ಮುಂದಕ್ಕೆ ಹೋಗಿತ್ತು. ಮೂರು ಗ್ರಹಗಳ ಯಾತ್ರೆ ಮುಗಿದರೂ ವರದಿ ಮಾತ್ರ ದೆಹಲಿಯ ಒಂದು ಕಪಾಟಿನಿಂದ ಹೊರಗೆ ಬಂದಿರಲಿಲ್ಲ. ಕೋಟ್ಯಂತರ ಮಕ್ಕಳ ಓದಿನ, ನೌಕರಿಯ ವಯಸ್ಸು ಆ ಕಪಾಟಿನ ಮುಂದೆಯೇ ಕಳೆದುಹೋಯಿತು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನು ಕಾಲೇಜುಗಳು. 1912ರಲ್ಲಿ ಬಾಂಬೆಯಲ್ಲಿ ಅಂಬೇಡ್ಕರ್ ಎಂಬ ಯುವಕ ಬಿ.ಎ. ಮುಗಿಸಿದಾಗ, ಅಸ್ಪೃಶ್ಯರೆನಿಸಿಕೊಂಡವರಲ್ಲಿ ಪದವಿ ಪಡೆದವರನ್ನು ಬೆರಳು ಮಡಿಚಿ ಎಣಿಸಬಹುದಿತ್ತು. ಈಗ 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ತೆರೆಯಿರಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು 66.23 ಲಕ್ಷ! ಒಬ್ಬೊಬ್ಬರಿಗೆ ಒಂದು ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ, ಆ ಸಾಲು ಶ್ರೀನಗರದಲ್ಲಿ ಶುರುವಾಗಿ, ಹೆದ್ದಾರಿ 44ರ ಗುಂಟ ಬಾಗೇಪಲ್ಲಿ, ಬೆಂಗಳೂರು ಹಾಯ್ದು ಕನ್ಯಾಕುಮಾರಿ ಮುಟ್ಟಿ, ಅಲ್ಲಿಂದ ಹಿಂತಿರುಗಿ ಹೆಚ್ಚುಕಮ್ಮಿ ದೆಹಲಿಯ ತನಕ ಬರುತ್ತದೆ. ಅದಕ್ಕೂ ಏಳು ವರ್ಷ ಹಿಂದೆ, 2014-15ರಲ್ಲಿ, ಇವರು 46.07 ಲಕ್ಷ ಇದ್ದರು. ಅಂದರೆ ಹಗಲು ರಾತ್ರಿ ಎನ್ನದೆ, ಎರಡು ನಿಮಿಷ ತುಂಬುವ ಮೊದಲೇ ಒಬ್ಬೊಬ್ಬರಂತೆ ಹೆಚ್ಚಿದ್ದಾರೆ. ಬುಡಕಟ್ಟುಗಳ ಹೆಣ್ಣುಮಕ್ಕಳ ಓಟ ಇದಕ್ಕಿಂತ ಬಿರುಸು: ಅದೇ ಅವಧಿಯಲ್ಲಿ 7.47 ಲಕ್ಷದಿಂದ 13.46 ಲಕ್ಷಕ್ಕೆ, ನೂರಿದ್ದಲ್ಲಿ ನೂರೆಂಬತ್ತು. ಮೀಸಲು ಸೀಟು, ವಿದ್ಯಾರ್ಥಿವೇತನ, ಹಾಸ್ಟೆಲ್ಲು, ಹೊಸ ಕಾಲೇಜುಗಳು, ಅಪ್ಪ ಅಮ್ಮನ ಹಟ ಎಲ್ಲ ಕೂಡಿ ಆದದ್ದು ಇದು.

ಆ ಸಾಲಿಗೆ ಪರಿಶಿಷ್ಟ ಪಂಗಡಗಳ 27.1 ಲಕ್ಷ, ಹಿಂದುಳಿದ ವರ್ಗಗಳ 1.63 ಕೋಟಿ ವಿದ್ಯಾರ್ಥಿಗಳೂ ಬಂದು ನಿಂತರೆ 2.56 ಕೋಟಿ. ಆಸ್ಟ್ರೇಲಿಯ ಎಂಬ ಇಡೀ ಖಂಡದ ಜನರೆಲ್ಲ ಪುಸ್ತಕ ಹಿಡಿದು ಬಂದಂತೆ! ಮಿಕ್ಕವರನ್ನೂ ಕೂಡಿಸಿದರೆ ದೇಶದ ಒಟ್ಟು ವಿದ್ಯಾರ್ಥಿಗಳು 4.33 ಕೋಟಿ. ಸಾಲು ಭೂಮಿಯ ನಡುವನ್ನು ಒಂದು ಸುತ್ತು ಹಾಕಿ, ಇನ್ನೂ ಮೂರು ಸಾವಿರ ಕಿಲೋಮೀಟರ್ ಉಳಿಯುತ್ತದೆ. ಆದರೆ ಪಾಠ ಹೇಳುವವರ ಕಡೆ ತಿರುಗಿದರೆ ಚಿತ್ರ ಬದಲಾಗುತ್ತದೆ. 15.98 ಲಕ್ಷ ಅಧ್ಯಾಪಕರಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 40 ಸಾವಿರ ಅಷ್ಟೇ, ನೂರಕ್ಕೆ ಎರಡೂವರೆ. ದೇಶದ ಜನರಲ್ಲಿ ಅವರು ನೂರಕ್ಕೆ ಎಂಟೂವರೆಗೂ ಹೆಚ್ಚು. ಬೆಂಚು ತುಂಬಿದ ವೇಗದಲ್ಲಿ ಕರಿಹಲಗೆಯ ಪಕ್ಕದ ಜಾಗ ತುಂಬಿಲ್ಲ, ತುಂಬಲೇಬೇಕು.

ಎಣಿಸುವುದೇ ಒಂದು ಮಹಾಕಾರ್ಯ. 2015ರಲ್ಲಿ ಕರ್ನಾಟಕದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೊರಟ ಶಿಕ್ಷಕರು ಮತ್ತು ಸಿಬ್ಬಂದಿ ಮನೆಮನೆಯ ಬಾಗಿಲು ತಟ್ಟಿ ಮಾಹಿತಿ ಬರೆದುಕೊಂಡದ್ದು 5.98 ಕೋಟಿ ಜನರದ್ದು. ಇಟಲಿಯಲ್ಲಿರುವುದೇ ಅಷ್ಟು ಜನ! ನಮ್ಮ ಮೇಷ್ಟ್ರುಗಳು, ಟೀಚರಮ್ಮಂದಿರು ಬೀದಿ ಬೀದಿ ಅಲೆದು ಒಂದು ಇಟಲಿಯನ್ನೇ ಎಣಿಸಿಬಿಟ್ಟರು.

ಇದಕ್ಕೂ ದೊಡ್ಡದಿದೆ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿಗಳ 20.14 ಕೋಟಿ, ಪಂಗಡಗಳ 10.43 ಕೋಟಿ ಕೂಡಿಸಿದರೆ 30.57 ಕೋಟಿ. ಅದಕ್ಕೆ ಒಂದು ವರ್ಷ ಮೊದಲು ತನ್ನವರನ್ನೆಲ್ಲ ಎಣಿಸಿಕೊಂಡ ಅಮೆರಿಕಕ್ಕೆ ಸಿಕ್ಕಿದ್ದು 30.87 ಕೋಟಿ. ನಮ್ಮ ಸಂವಿಧಾನದ ಕೆಲವೇ ವಿಧಿಗಳು ಇಡೀ ಅಮೆರಿಕದಷ್ಟು ಜನರ ಕೈ ಹಿಡಿದಿವೆ!

ಹಿಂದುಳಿದ ವರ್ಗಗಳು ಎಷ್ಟು ಕೋಟಿ? ಖಚಿತ ಲೆಕ್ಕವಿಲ್ಲ. ಎಲ್ಲ ಜಾತಿಗಳನ್ನೂ ದೇಶ ಪೂರ್ತಿ ಎಣಿಸಿದ ಕೊನೆಯ ಜನಗಣತಿ 1931ರದ್ದು. ಆಗ ಬರ್ಮಾವನ್ನೂ ಸೇರಿಸಿ 35 ಕೋಟಿ ಜನ. ಮುಂದಿನ ಜಾತಿ ಎಣಿಕೆ 2027ಕ್ಕೆ ನಿಗದಿಯಾಗಿದೆ, ಭರ್ತಿ 96 ವರ್ಷಗಳ ಮೇಲೆ. ಈ ಸಲ ಎಣಿಸಬೇಕಾದ ತಲೆಗಳು 140 ಕೋಟಿಗೂ ಮಿಗಿಲು. ಒಬ್ಬನೇ ಗಣತಿದಾರ ಒಬ್ಬೊಬ್ಬರಿಗೆ ಒಂದೇ ನಿಮಿಷ ಕೊಟ್ಟು, ಊಟ ನಿದ್ದೆ ಬಿಟ್ಟು ಬರೆಯುತ್ತ ಕೂತರೆ ಮುಗಿಸಲು 2,660 ವರ್ಷ ಹಿಡಿಯುತ್ತದೆ. ಇವತ್ತಿಗೆ ಮುಗಿಯಬೇಕಿದ್ದರೆ ಅವನು ಬುದ್ಧ ಹುಟ್ಟುವ ಮೊದಲೇ ಮೊದಲ ಮನೆಯ ಬಾಗಿಲು ತಟ್ಟಿರಬೇಕಿತ್ತು.