ಮೂಗನ್ನು ವಂಚಿಸುವ ಅನಿಲ

ಉಪ್ಪಲಿನಿಂದ ನಾಗೋಲಿನ ಮಾರ್ಗವಾಗಿ ಎಲ್.ಬಿ. ನಗರದ ಕಡೆಗೆ ಹೋಗುವವರು ಮೂಸಿ ನದಿಯ ಸೇತುವೆಯನ್ನು ದಾಟಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಕೊಳೆತ ಮೊಟ್ಟೆಯಂತಹ ದುರ್ವಾಸನೆಯು ಮೂಗಿಗೆ ಬಡಿಯುವುದು ನಮ್ಮಲ್ಲಿ ಅನೇಕರಿಗೆ ತಿಳಿದ ಸಂಗತಿ. ಈ ವಾಸನೆಗೆ ಮುಖ್ಯ ಕಾರಣವಾದ ವಸ್ತುವಿಗೆ ಹೈಡ್ರೋಜನ್ ಸಲ್ಫೈಡ್ ಎಂದು ಹೆಸರು. ಬಯಲುಗಾಳಿಯಲ್ಲಿ ಬೆರೆತಾಗ ಇದು ಕೇವಲ ಅಸಹ್ಯವಾದುದು. ಮುಚ್ಚಿದ ಸ್ಥಳದಲ್ಲಿ ಶೇಖರವಾದಾಗ ಪ್ರಾಣಾಪಹಾರಿ. ಇದರ ಗುಣಗಳನ್ನೂ ಇದರಿಂದ ಪಾರಾಗುವ ಬಗೆಯನ್ನೂ ಈ ಲೇಖನದಲ್ಲಿ ವಿವೇಚಿಸೋಣ.

ಹೈಡ್ರೋಜನ್ನಿನ ಎರಡು ಪರಮಾಣುಗಳೂ ಗಂಧಕದ ಒಂದು ಪರಮಾಣುವೂ ಕೂಡಿ ಈ ಅನಿಲದ ಒಂದು ಅಣುವಾಗುತ್ತದೆ. ಚರಂಡಿಯ ನೀರಿನಲ್ಲಿ ಆಮ್ಲಜನಕವು ಮುಗಿದುಹೋದಾಗ, ಕೆಲವು ಜಾತಿಯ ಬ್ಯಾಕ್ಟೀರಿಯಗಳು ಅಲ್ಲಿ ಕರಗಿರುವ ಸಲ್ಫೇಟುಗಳನ್ನು ಬಳಸಿಕೊಂಡು ಬದುಕುತ್ತವೆ. ಆಗ ಅವು ಹೊರಬಿಡುವ ವಸ್ತುವೇ ಇದು. ಪ್ರಯೋಗಶಾಲೆಯಲ್ಲಿಯಾದರೋ ಕಬ್ಬಿಣದ ಸಲ್ಫೈಡಿನ ಮೇಲೆ ಸಾರರಿಕ್ತ ಗಂಧಕಾಮ್ಲವನ್ನು ಹಾಕಿ, ಕಿಪ್ಪನ ಉಪಕರಣದಲ್ಲಿ ಇದನ್ನು ತಯಾರಿಸುವುದುಂಟು.

ಈ ಅನಿಲಕ್ಕೆ ಬಣ್ಣವಿಲ್ಲ. ಗಾಳಿಗಿಂತ ಸುಮಾರು ಐದರಲ್ಲೊಂದು ಪಾಲು ಹೆಚ್ಚು ಭಾರವಾದುದರಿಂದ ಹಳ್ಳಗಳಲ್ಲಿ, ಗುಂಡಿಗಳಲ್ಲಿ, ತೊಟ್ಟಿಗಳ ತಳದಲ್ಲಿ ನಿಲ್ಲುತ್ತದೆ. ಇದು ಸೋಕಿದರೆ ಬೆಳ್ಳಿಯು ಕಪ್ಪಾಗುವುದು. ಸೀಸದ ಅಸಿಟೇಟಿನ ದ್ರಾವಣದಲ್ಲಿ ನೆನೆಸಿದ ಕಾಗದವೂ ಕಪ್ಪಾಗುವುದು. ಗಾಳಿಯಲ್ಲಿ ಶೇಕಡ 4ರಿಂದ 44ರವರೆಗೆ ಇದು ಬೆರೆತಿರುವಾಗ ಒಂದು ಕಿಡಿ ತಗುಲಿದರೂ ಸ್ಫೋಟವಾಗಬಹುದು. ನೀಲಿ ಜ್ವಾಲೆಯಿಂದ ಉರಿದು, ಉಸಿರಿಗೆ ಹಾನಿಕರವಾದ ಸಲ್ಫರ್ ಡೈಆಕ್ಸೈಡನ್ನು ಉಂಟುಮಾಡುತ್ತದೆ.

ಇನ್ನು ಇದರ ವಿಷದ ವಿಚಾರ. ರಕ್ತದ ಮೂಲಕ ಆಮ್ಲಜನಕವು ಜೀವಕೋಶಗಳಿಗೆ ತಲಪಿದರೂ, ಅದನ್ನು ಬಳಸಿಕೊಳ್ಳುವ ಶಕ್ತಿಯನ್ನು ಈ ಅನಿಲವು ಕೋಶಗಳಿಂದ ಕಸಿದುಕೊಳ್ಳುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗಕ್ಕಿಂತಲೂ ಬಹಳ ಕಡಮೆಯಿದ್ದಾಗಲೇ ನಮ್ಮ ಮೂಗು ಇದನ್ನು ಗುರುತಿಸಬಲ್ಲದು. ಆದರೆ ಸುಮಾರು 100 ಭಾಗಗಳಷ್ಟಾದಾಗ ಕೆಲವೇ ನಿಮಿಷಗಳಲ್ಲಿ ಘ್ರಾಣಶಕ್ತಿಯು ಕುಂದಿ, ವಾಸನೆಯೇ ತಿಳಿಯದಂತಾಗುತ್ತದೆ. 500ರಿಂದ 700 ಭಾಗಗಳಾದರೆ ಮನುಷ್ಯನು ಕೆಲವು ನಿಮಿಷಗಳಲ್ಲಿ ಕುಸಿದು ಬೀಳುವನು. 1,000ಕ್ಕೆ ಏರಿದರೆ ಕೆಲವೇ ಉಸಿರುಗಳಲ್ಲಿ ಪ್ರಾಣವು ಹೋಗುವುದು. ವಾಸನೆ ನಿಂತಿತೆಂದರೆ ಅಪಾಯವು ತೊಲಗಿತೆಂದು ಭಾವಿಸುವುದು ಸಹಜ. ಈ ಅನಿಲದ ವಿಷಯದಲ್ಲಿ ಅದು ಅಪಾಯವು ಮಿತಿಮೀರಿತೆಂಬುದರ ಸೂಚನೆಯೂ ಆಗಿರಬಹುದು.

ಇಂತಹ ವಿಷವನ್ನೂ ಮಾನವನು ಕೆಲಸಕ್ಕೆ ಹಚ್ಚಿದ್ದಾನೆ. ಕೈಗಾದಲ್ಲಿರುವಂತಹ ಪರಮಾಣು ವಿದ್ಯುತ್ ಸ್ಥಾವರಗಳಿಗೆ ಭಾರಜಲವು ಬೇಕು. ನಮ್ಮ ತೆಲಂಗಾಣದ ಗೋದಾವರಿ ತೀರದ ಮಣುಗೂರಿನಲ್ಲಿ, 1991ರಲ್ಲಿ ಆರಂಭವಾದ ಭಾರಜಲದ ಕಾರ್ಖಾನೆಯು ಹೈಡ್ರೋಜನ್ ಸಲ್ಫೈಡಿನ ನೆರವಿನಿಂದಲೇ ಅದನ್ನು ತಯಾರಿಸುತ್ತದೆ. ಎತ್ತರವಾದ ಗೋಪುರಗಳಲ್ಲಿ ನೀರು ಕೆಳಕ್ಕೂ ಅನಿಲವು ಮೇಲಕ್ಕೂ ಸಾಗುತ್ತವೆ. ಬಿಸಿಯಾದ ಭಾಗದಲ್ಲಿ ಭಾರ ಹೈಡ್ರೋಜನ್ನು ನೀರಿನಿಂದ ಅನಿಲಕ್ಕೂ, ತಣ್ಣನೆಯ ಭಾಗದಲ್ಲಿ ಅನಿಲದಿಂದ ನೀರಿಗೂ ದಾಟುತ್ತದೆ. ಹೀಗೆ ಮತ್ತೆ ಮತ್ತೆ ನಡೆದು ನೀರಿನಲ್ಲಿ ಅದರ ಪ್ರಮಾಣವು ಹೆಚ್ಚುತ್ತ ಹೋಗುತ್ತದೆ.

ಇಂತಹ ಕಾರ್ಖಾನೆಗಳಲ್ಲಿ ಕೆಲಸಗಾರರ ಮೂಗನ್ನು ನಂಬಿ ಕುಳಿತುಕೊಳ್ಳುವುದಿಲ್ಲ. ಅನಿಲವು ಎಲ್ಲಿ ಸೋರಿದರೂ ಯಂತ್ರಗಳು ಅಳೆದು ಗಂಟೆ ಬಾರಿಸುತ್ತವೆ. ಗಾಳಿಯ ದಿಕ್ಕನ್ನು ತೋರಿಸುವ ಬಟ್ಟೆಯ ಚೀಲಗಳನ್ನು ಕಂಬಗಳ ಮೇಲೆ ಕಟ್ಟಿರುತ್ತಾರೆ. ಸೋರಿಕೆಯಾದಾಗ ಗಾಳಿ ಬೀಸುವ ಕಡೆಗೆ ಓಡದೆ, ಅದು ಯಾವ ಕಡೆಯಿಂದ ಬರುತ್ತದೆಯೋ ಆ ಕಡೆಗೆ, ಇಲ್ಲವೆ ಅಡ್ಡಲಾಗಿ ಸರಿಯಬೇಕು, ತಗ್ಗಿಗೆ ಇಳಿಯಬಾರದು. ಸೋರಿದೆಡೆಗೆ ಹೋಗುವವನು ಬೆನ್ನಿಗೆ ಶುದ್ಧವಾಯುವಿನ ಸಿಲಿಂಡರನ್ನೂ ಮುಖಕ್ಕೆ ಮುಸುಕನ್ನೂ ಧರಿಸಿಯೇ ಹೋಗಬೇಕು, ಒಬ್ಬಂಟಿಯಾಗಿ ಹೋಗಕೂಡದು.

ಆದರೆ ಇದೇ ಅನಿಲವು ನಮ್ಮ ಗಲ್ಲಿಯ ಮ್ಯಾನ್‌ಹೋಲಿನ ಮುಚ್ಚಳದ ಕೆಳಗೂ ಇರುವಾಗ, ಅಲ್ಲಿ ಗಂಟೆಯೂ ಇಲ್ಲ, ಮುಸುಕೂ ಇಲ್ಲ. 2016ರ ಆಗಸ್ಟಿನಲ್ಲಿ ನಮ್ಮ ನಗರದ ಮಾದಾಪುರದ ಮ್ಯಾನ್‌ಹೋಲೊಂದರಲ್ಲಿ ಉಸಿರುಕಟ್ಟಿ ನಾಲ್ವರು ಮಡಿದರು. ದೇಶದ ಅನೇಕ ಊರುಗಳಲ್ಲಿ ಇಂತಹ ಮರಣಗಳು ಒಂದೇ ರೀತಿಯಾಗಿ ನಡೆದಿವೆ: ಮೊದಲು ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಜೊತೆಗಾರನು ಇಳಿಯುತ್ತಾನೆ, ಕೂಗು ಕೇಳಿ ಬಂದ ಮೂರನೆಯವನೂ ಇಳಿಯುತ್ತಾನೆ. ಅವರ ಧೈರ್ಯವು ದೊಡ್ಡದು. ಆದರೆ ವಿಷವಾಯುವಿನ ಮುಂದೆ ಬರಿಯ ಧೈರ್ಯವು ನಿಲ್ಲಲಾರದು.

ಆದುದರಿಂದ ವಿದ್ಯಾರ್ಥಿಗಳು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಮ್ಯಾನ್‌ಹೋಲಿನಲ್ಲಿಯೋ ಸೆಪ್ಟಿಕ್ ಟ್ಯಾಂಕಿನಲ್ಲಿಯೋ ಪಾಳುಬಾವಿಯಲ್ಲಿಯೋ ಯಾರಾದರೂ ಬಿದ್ದುದು ಕಂಡರೆ, ಅವರು ಅಣ್ಣನೇ ಆಗಲಿ ತಮ್ಮನೇ ಆಗಲಿ, ಇಳಿಯಬಾರದು; ಇಳಿಯಹೊರಟವರನ್ನೂ ತಡೆಯಬೇಕು. ಒಳಗೆ ಬೆಂಕಿಕಡ್ಡಿ ಗೀರಿ ನೋಡಕೂಡದು. ತಕ್ಷಣವೇ ಅಗ್ನಿಶಾಮಕ ದಳಕ್ಕೆ 101ರಲ್ಲಿಯೂ ಆಂಬುಲೆನ್ಸಿಗೆ 108ರಲ್ಲಿಯೂ ತಿಳಿಸಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವರಿದ್ದರೆ ಮೇಲಿನಿಂದಲೇ ಎಳೆಯಬೇಕು.

ಇದಕ್ಕಿಂತಲೂ ಮುಖ್ಯವಾದುದು, ಮನುಷ್ಯನನ್ನು ಅಲ್ಲಿಗೆ ಇಳಿಸದಿರುವುದು. 2013ರ ಕಾಯಿದೆಯು ರಕ್ಷಣೆಯಿಲ್ಲದೆ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಜನರನ್ನು ಇಳಿಸುವುದನ್ನು ನಿಷೇಧಿಸಿದೆ. ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೈದರಾಬಾದಿನ ಜಲಮಂಡಳಿಯು 2017ರಲ್ಲಿ ಇಕ್ಕಟ್ಟಾದ ಗಲ್ಲಿಗಳಿಗೂ ನುಗ್ಗಬಲ್ಲ ಚಿಕ್ಕ ಯಂತ್ರವಾಹನಗಳನ್ನು ತರಿಸಿತು. ಮನೆಯ ಚರಂಡಿ ಕಟ್ಟಿಕೊಂಡ ದಿನ, ನಾಲ್ಕು ಕಾಸು ಉಳಿಯುವುದೆಂದು ಹಿರಿಯರು ದಾರಿಯಲ್ಲಿ ಹೋಗುವ ಕೂಲಿಯವನನ್ನು ಕರೆಯಹೊರಟರೆ, ಮ್ಯಾನ್‌ಹೋಲಿನ ಒಳಗಿರುವುದೇನೆಂಬುದನ್ನು ಅವರಿಗೆ ವಿನಯದಿಂದ ತಿಳಿಸಿ, ಯಂತ್ರವನ್ನೇ ಕರೆಸುವಂತೆ ಒಪ್ಪಿಸೋಣ. ನಾವು ಓದಿದ ರಸಾಯನಶಾಸ್ತ್ರವು ಒಂದು ಮನೆಯ ದೀಪವನ್ನು ಉಳಿಸಿದರೆ, ಪರೀಕ್ಷೆಯ ಅಂಕಗಳಿಗಿಂತ ಅದು ಹೆಚ್ಚಿನ ಫಲವಲ್ಲವೆ?