ಗೋಡೆಗಂಟಿದ ಹೊಗೆಯೂ ಮನೆಯ ವಿಮೆಯೂ

ಮನೆಗೆ ಬೆಂಕಿ ಬಿದ್ದರೆ ಆದ ಹಾನಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಸುಟ್ಟ ತೊಲೆಗಳನ್ನು ಎಣಿಸಿ ವಿಮಾ ಕಂಪನಿ ಪರಿಹಾರವನ್ನು ಗೊತ್ತುಮಾಡಬಹುದು. ಆದರೆ ಗೋಡೆ ನೆಟ್ಟಗಿದೆ, ಬಣ್ಣ ಮಾಸಿಲ್ಲ. ಪ್ರಯೋಗಾಲಯವೊಂದು ಮಾತ್ರ ‘ಈ ಮನೆ ಕಲುಷಿತವಾಗಿದೆ’ ಎಂದು ವರದಿ ಕೊಡುತ್ತದೆ. ಇದು ಹಾನಿಯೆ? ಹೌದಾದರೆ ಶುದ್ಧಿಯ ವೆಚ್ಚ ಯಾರದು? ಮೆಥಾಂಫೆಟಮೀನ್ ಎಂಬ ಮಾದಕವಸ್ತು ಕೆಲವು ದೇಶಗಳಲ್ಲಿ ಮನೆಯ ಮಾಲೀಕರನ್ನೂ ವಿಮಾ ಕಂಪನಿಗಳನ್ನೂ ಈ ಪ್ರಶ್ನೆಯ ಮುಂದೆ ನಿಲ್ಲಿಸಿದೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮನೆಯೊಳಗೆ ಈ ವಸ್ತುವನ್ನು ಕದ್ದು ತಯಾರಿಸುವುದು ಒಂದು. ಅದರ ಹೊಗೆಯನ್ನು ಸೇದುವುದು ಇನ್ನೊಂದು. ತಯಾರಿಕೆಯಲ್ಲಿ ಬಳಸುವ ಆಮ್ಲಗಳ ಹಾಗೂ ದ್ರಾವಕಗಳ ಆವಿ ಗೋಡೆಗೂ ನೆಲಹಾಸಿಗೂ ಇಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಾಡಿಗೆದಾರನೊಬ್ಬ ಹೀಗೆ ಮಾಡಿದಾಗ, ಮಾಲಿನ್ಯದಿಂದಾದ ನಷ್ಟ ತನ್ನ ಪಾಲಿಸಿಗೆ ಸೇರದೆಂದು ವಿಮಾ ಕಂಪನಿ ವಾದಿಸಿತು. 2002ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಮಾಲಿನ್ಯವು ಪರಿಣಾಮ ಮಾತ್ರ, ಮೂಲಕಾರಣ ಬಾಡಿಗೆದಾರನ ವಿಧ್ವಂಸಕ ಕೃತ್ಯ, ಅಂಥ ಕೃತ್ಯಕ್ಕೆ ಪಾಲಿಸಿಯಲ್ಲಿ ರಕ್ಷಣೆಯಿದೆ. ಆದುದರಿಂದ ಹಣ ಕೊಡತಕ್ಕದ್ದೆಂದು ತೀರ್ಮಾನವಾಯಿತು. ಕಾರಣದ ಎಳೆ ಹಿಡಿದು ಹಿಂದಕ್ಕೆ ಹೋಗುವ ಈ ತರ್ಕ ವಿಜ್ಞಾನದ ವಿದ್ಯಾರ್ಥಿಗೆ ಹೊಸದೇನಲ್ಲ.

ಸೇದಿದ ಹೊಗೆಯ ಸಂಗತಿ ಇಷ್ಟು ಸುಲಭವಲ್ಲ. ಒಗ್ಗರಣೆಯ ಹೊಗೆ ಅಡುಗೆಮನೆಯ ಗೋಡೆಗೆ ಜಿಡ್ಡಾಗಿ ಕೂಡುವಂತೆ ಈ ಹೊಗೆಯೂ ಗೋಡೆಗೆ ಅಂಟುತ್ತದೆ. ಅದನ್ನು ಅಳೆಯುವ ಕ್ರಮ ಸರಳವಾದುದು: 10 ಸೆಂಟಿಮೀಟರ್ ಚೌಕದಷ್ಟು ಗೋಡೆಯನ್ನು ಮೆಥನಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಬಂದುದನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ನ್ಯೂಜಿಲೆಂಡಿನ ಆರೋಗ್ಯ ಇಲಾಖೆ 2010ರಲ್ಲಿ, ತಯಾರಿಕೆ ನಡೆದ ಮನೆಗಳ ಶುದ್ಧಿಗಾಗಿ, ಅಷ್ಟು ಜಾಗಕ್ಕೆ 0.5 ಮೈಕ್ರೊಗ್ರಾಮಿನ ಮಿತಿಯನ್ನು ಹೇಳಿತ್ತು. ಜನ ಅದನ್ನು ಹೊಗೆ ಸೇದಿದ್ದ ಮನೆಗಳಿಗೂ ಹಚ್ಚಿದರು! 2017ರ ರಾಷ್ಟ್ರೀಯ ಮಾನಕವು ವಾಸದ ಕೋಣೆಗಳಿಗೆ ಈ ಮಿತಿಯನ್ನು 1.5 ಮೈಕ್ರೊಗ್ರಾಮಿಗೆ ಏರಿಸಿತು.

1.5 ಮೈಕ್ರೊಗ್ರಾಮ್ ಎಂದರೆ ಎಷ್ಟು? ವಾಚಕರೇ ಲೆಕ್ಕ ಹಾಕಬಹುದು. ವಸ್ತುವಿನ ಸಾಂದ್ರತೆ ಸುಮಾರಾಗಿ ನೀರಿನಷ್ಟೇ ಎಂದಿಟ್ಟುಕೊಂಡು, ಅದನ್ನು 100 ಚದರ ಸೆಂಟಿಮೀಟರಿನ ಮೇಲೆ ಸಮನಾಗಿ ಹರಡಿದರೆ ಪದರದ ದಪ್ಪ 0.15 ನ್ಯಾನೊಮೀಟರ್ ಆಗುತ್ತದೆ. ಇದು ಹೆಚ್ಚುಕಡಮೆ ಒಂದು ಪರಮಾಣುವಿನ ಗಾತ್ರ. ಆ ವಸ್ತುವಿನ ಒಂದು ಅಣುವಿಗಿಂತಲೂ ತೆಳುವು. ಅಂದರೆ ಅಣುಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿದರೂ ಆ ಚೌಕ ಪೂರ್ತಿ ಮುಚ್ಚದು. ಇಷ್ಟನ್ನೂ ಉಪಕರಣ ಕಂಡುಹಿಡಿಯುತ್ತದೆ ಎಂಬುದು ರಸಾಯನಶಾಸ್ತ್ರದ ಹಿರಿಮೆ. ಕಂಡುಹಿಡಿದುದೆಲ್ಲ ಕೇಡು ಮಾಡುತ್ತದೆಯೆ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳದಿದ್ದಾಗ ಪ್ರಯೋಗಾಲಯದ ಅಂಕಿಯೇ ‘ಹಾನಿ’ ಎಂಬ ಮಾತಿಗೆ ಅರ್ಥವಾಗಿಬಿಟ್ಟಿತು. ಗೋಡೆಯ ಹಲಗೆಗಳನ್ನು ಕಿತ್ತರು, ನೆಲಹಾಸುಗಳನ್ನು ಎಸೆದರು. ವಿಮಾ ಕಂಪನಿಗಳು ಈ ಬಗೆಯ ಪರಿಹಾರಕ್ಕೆ ಪ್ರತ್ಯೇಕ ಮಿತಿಯನ್ನು ಹಾಕಿ, ಮಾಲೀಕರು ಆಗಾಗ ಮನೆಯನ್ನು ಪರಿಶೀಲಿಸುತ್ತಿರಬೇಕೆಂಬ ಷರತ್ತನ್ನೂ ಸೇರಿಸಿದವು. ಮಾಲೀಕನಿಗಾದರೋ ಪಾಲಿಸಿಯಾದರೂ ಇತ್ತು. ಬಾಡಿಗೆದಾರನಿಗೆ ಏನಿತ್ತು? ಸರ್ಕಾರಿ ಮನೆಗಳನ್ನು ನೋಡಿಕೊಳ್ಳುತ್ತಿದ್ದ ಹೌಸಿಂಗ್ ನ್ಯೂಜಿಲೆಂಡ್ ಸಂಸ್ಥೆ ಈ ಕಾರಣಕ್ಕಾಗಿ ಸುಮಾರು 800 ಬಾಡಿಗೆದಾರರನ್ನು ಹೊರಹಾಕಿತು. ಹೊಗೆ ಯಾರದು, ಅವರದೋ ಅವರಿಗಿಂತ ಮೊದಲಿದ್ದವರದೋ, ಎಂಬುದನ್ನು ಗೋಡೆ ಹೇಳುವುದಿಲ್ಲವಷ್ಟೆ.

2018ರ ಮೇ ತಿಂಗಳಿನಲ್ಲಿ ಪ್ರಧಾನಮಂತ್ರಿಗಳ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದ ಪೀಟರ್ ಗ್ಲುಕ್‌ಮನ್ ಅವರ ವರದಿ ಹೊರಬಿದ್ದಿತು. ಹೊಗೆ ಸೇದಿದ್ದ ಮನೆಯಲ್ಲಿ ಅನಂತರ ವಾಸಿಸಿದ್ದರಿಂದಲೇ ಯಾರಿಗಾದರೂ ಕಾಯಿಲೆಯಾಯಿತೆನ್ನುವುದಕ್ಕೆ ಪ್ರಕಟವಾದ ಸಾಕ್ಷ್ಯವೇ ಇಲ್ಲ. ತಯಾರಿಕೆಯ ಶಂಕೆ ಇಲ್ಲದೆಡೆ ಪರೀಕ್ಷೆ ಅನಗತ್ಯ. 15 ಮೈಕ್ರೊಗ್ರಾಮ್ ದಾಟಿದಾಗ ಮಾತ್ರ ಶುದ್ಧಿಯ ಯೋಚನೆ ಮಾಡಿದರೆ ಸಾಕು ಎಂದು ಅದರಲ್ಲಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಸಂಸ್ಥೆ ತಾನು ಹೊರಹಾಕಿದವರ ಕ್ಷಮೆ ಕೇಳಿ, ಅವರಿಗೆ ಹಣ ಕೊಡಲು ಒಪ್ಪಿತು.